ಹದಿನೈದು ನಿಮಿಷದ ಹಕ್ಕಿ ಎಣಿಕೆ: ಖರ್ಚಿಲ್ಲ, ಲಾಭವಿದೆ



ಮೇಯುವ ರಾಸುಗಳ ಕಾಲ ಬಳಿ ಬೆಳ್ಳಕ್ಕಿ, ಬೆನ್ನ ಮೇಲೆ ಕಾಜಾಣ, ತಿಪ್ಪೆಯಲ್ಲಿ ಗೊರವಂಕ. ಇವನ್ನು ದಿನವೂ ನೋಡುವವರು ನೀವು. ಹಸು ಹೆಜ್ಜೆ ಇಟ್ಟಾಗ ಹುಲ್ಲಿನಿಂದ ಏಳುವ ಮಿಡತೆ, ನೊಣಗಳನ್ನು ಬೆಳ್ಳಕ್ಕಿ ಹಿಡಿದು ತಿನ್ನುತ್ತದೆ. ಹೀಗೆ ಕಂಡ ಹಕ್ಕಿಗಳನ್ನು ಎಣಿಸಿ ಬರೆದಿಡುವ ಕೆಲಸದಲ್ಲಿ ಇಂದು ಪ್ರಪಂಚದ ಎಲ್ಲ ಕಡೆ ಜನಸಾಮಾನ್ಯರು ಉಚಿತವಾಗಿ ಭಾಗವಹಿಸುತ್ತಿದ್ದಾರೆ. ಇದಕ್ಕೂ ನಮ್ಮ ಕೊಟ್ಟಿಗೆಗೂ ಏನು ಸಂಬಂಧ ಎಂದು ಕೇಳಬಹುದು. ರಣಹದ್ದುಗಳಿಗೆ ಆದದ್ದನ್ನು ತಿಳಿದರೆ ಉತ್ತರ ಸಿಗುತ್ತದೆ.

ಎಣಿಸಿದ್ದರಿಂದ ತಿಳಿದದ್ದು

ಹಿಂದೆ ಸತ್ತ ರಾಸನ್ನು ಊರಾಚೆ ಹಾಕಿದರೆ ರಣಹದ್ದುಗಳು ಬಂದು ಬೇಗನೆ ಮೂಳೆ ಮಾತ್ರ ಉಳಿಸುತ್ತಿದ್ದವು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಹಳೆಯ ಎಣಿಕೆಯನ್ನೂ ಹೊಸ ಎಣಿಕೆಯನ್ನೂ ಹೋಲಿಸಿದಾಗ ಅವು ತೀರಾ ಕಡಿಮೆಯಾಗಿದ್ದವು. ಮುಂದೆ ದೇಶದಲ್ಲಿ ಮೂರು ಜಾತಿಯ ರಣಹದ್ದುಗಳು ಶೇ. 95ಕ್ಕಿಂತ ಹೆಚ್ಚು ಕುಸಿದದ್ದು ತಿಳಿಯಿತು. ಕಾರಣ 2004ರಲ್ಲಿ ಪ್ರಕಟವಾಯಿತು. ರಾಸುಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯೇ ಅದು. ಈ ಔಷಧಿ ಪಡೆದು ಸ್ವಲ್ಪ ದಿನಗಳಲ್ಲೇ ಸತ್ತ ರಾಸಿನ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. ಹದ್ದುಗಳು ಇಲ್ಲವಾದ ಕಡೆ ಸತ್ತ ರಾಸು ಬೀದಿನಾಯಿಗಳ ಪಾಲಾಯಿತು. ನಾಯಿ ಹೆಚ್ಚಿದರೆ ಹುಚ್ಚುನಾಯಿ ಕಡಿತದ ಭಯ ಜನರಿಗೂ ರಾಸುಗಳಿಗೂ ಇದೆ.

ಪಶುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಬಳಕೆಯನ್ನು 2023ರಲ್ಲಿ ಸರ್ಕಾರ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು.

ಕೊಟ್ಟಿಗೆಯಲ್ಲಿ ಪಾಲಿಸಬೇಕಾದದ್ದು

• ಕೆಚ್ಚಲು ಬಾವು, ಜ್ವರ, ಕುಂಟುವಿಕೆಗೆ ನೀವೇ ಅಂಗಡಿಯಿಂದ ಇಂಜೆಕ್ಷನ್ ತಂದು ಕೊಡಿಸಬೇಡಿ. ಪಶುವೈದ್ಯರನ್ನು ಕರೆಸಿ.
• ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಇದೆ. ಅದು ನಿಮ್ಮ ರಾಸಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ.
• ಚಿಕಿತ್ಸೆಯಲ್ಲಿದ್ದ ರಾಸು ಸತ್ತರೆ ಬಯಲಿಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಹೂಳಿ.

ನೀವೂ ಎಣಿಸಬಹುದು

ಪ್ರತಿ ವರ್ಷ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಇದರಲ್ಲಿದೆ. ಶುಲ್ಕವಿಲ್ಲ, ದುರ್ಬೀನು ಬೇಕೇ ಬೇಕೆಂದಿಲ್ಲ.

1. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನೋಡಿ. ಹಿತ್ತಲು, ಹೊಲದ ಬದು, ಡೇರಿಗೆ ಹೋಗುವ ದಾರಿ ಯಾವುದಾದರೂ ಆದೀತು.
2. ಕಂಡ ಮತ್ತು ಕೂಗು ಕೇಳಿದ ಹಕ್ಕಿಗಳ ಹೆಸರು, ಸಂಖ್ಯೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ.
3. ದಿನಾಂಕ, ಸಮಯ, ಸ್ಥಳ ಸೇರಿಸಿ ಮೊಬೈಲಿನ ‘ಇ-ಬರ್ಡ್’ ಆಪ್‌ನಲ್ಲಿ ದಾಖಲಿಸಿ. ಆಪ್ ಉಚಿತ. ಓದುವ ಮಕ್ಕಳ ಸಹಾಯ ಪಡೆಯಿರಿ.

ಗೊರೂರಿನ ಹೇಮಾವತಿ ಹಿನ್ನೀರು, ಹೊಳೆನರಸೀಪುರದ ಹೊಳೆದಂಡೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿ ತೀರ, ಚನ್ನರಾಯಪಟ್ಟಣ ಕಡೆಯ ಕೆರೆ ಏರಿಗಳು ಎಣಿಕೆಗೆ ಒಳ್ಳೆಯ ಜಾಗಗಳು. ಸ್ವಸಹಾಯ ಸಂಘದ ನಾಲ್ಕೈದು ಮಂದಿ ಜೊತೆಯಾಗಿ ಹೋಗಿ. ಗೂಡಿನ ಹತ್ತಿರ ಹೋಗಬೇಡಿ, ಗದ್ದಲ ಬೇಡ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಹಿಕ್ಕೆ ಬಿದ್ದ ಮಣ್ಣು ಅವರ ಹೊಲಕ್ಕೆ ಗೊಬ್ಬರ.

ರಣಹದ್ದು ಕಡಿಮೆಯಾದದ್ದು ಎಣಿಸಿ ಬರೆದಿಟ್ಟವರಿದ್ದುದರಿಂದ ತಿಳಿಯಿತು. ನಮ್ಮ ಊರಿನ ಬೆಳ್ಳಕ್ಕಿ, ಗುಬ್ಬಿಗಳ ಲೆಕ್ಕ ಬರೆದಿಡಲು ದಿನವೂ ಅವನ್ನು ನೋಡುವ ನಿಮಗಿಂತ ತಕ್ಕವರಿಲ್ಲ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲೇ ಶುರು ಮಾಡಿ.