ಹಣವಿದ್ದರೂ ಕಾಯಬೇಕಾದ ನೆಲ

ಕೆರಿಬಿಯನ್ ಸಮುದ್ರದಲ್ಲಿ, ಪೋರ್ಟೊ ರಿಕೊ ದ್ವೀಪದ ಪೂರ್ವಕ್ಕೆ, ಬ್ರಿಟಿಷ್ ವರ್ಜಿನ್ ದ್ವೀಪಗಳೆಂಬ ಪುಟ್ಟ ಸೀಮೆಯೊಂದುಂಟು. ಟಾರ್ಟೋಲಾ, ವರ್ಜಿನ್ ಗೋರ್ಡಾ, ಅನೆಗಾಡಾ ಮೊದಲಾದ ದ್ವೀಪಗಳೆಲ್ಲ ಸೇರಿದರೂ ಅಲ್ಲಿಯ ನೆಲ ಸುಮಾರು 150 ಚದರ ಕಿಲೋಮೀಟರು ಮಾತ್ರ. ಬೆಳ್ಳನೆಯ ಮರಳು, ತಿಳಿನೀಲ ನೀರು, ವರ್ಷವಿಡೀ ಹಿತವಾದ ಬಿಸಿಲು. ಇವನ್ನು ಕಂಡ ಪರದೇಶದ ಸಿರಿವಂತರಿಗೆ ಅಲ್ಲೊಂದು ಮನೆ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜವೇ. ಆದರೆ ಥೈಲಿ ಬಿಚ್ಚಿದ ಮಾತ್ರಕ್ಕೆ ಅಲ್ಲಿಯ ನೆಲ ಕೈಗೆ ಬಾರದು.

ಹುಟ್ಟಿನಿಂದಲೋ ವಂಶದಿಂದಲೋ ಇಲ್ಲವೆ ಕಾನೂನು ಕೊಟ್ಟ ಮನ್ನಣೆಯಿಂದಲೋ ಆ ದ್ವೀಪಗಳಿಗೆ ಸೇರಿದವರನ್ನು ಅಲ್ಲಿ ‘ಬಿಲಾಂಗರ್’ ಎಂದು ಕರೆಯುತ್ತಾರೆ. ಉಳಿದವರೆಲ್ಲ ಹೊರಗಿನವರು. ಹೊರಗಿನವರು ಜಮೀನು ಹೊಂದಬೇಕಾದರೆ ಸರ್ಕಾರದ ಪರವಾನೆ ಬೇಕು. ಪರವಾನೆಯಿಲ್ಲದೆ ಹೊಂದಿದ ಜಮೀನು ಸರ್ಕಾರದ ವಶವಾದೀತು.

ಈ ಕಟ್ಟುಪಾಡು ಸ್ಥಳೀಯರಿಗೆ ಎಷ್ಟು ಮುಖ್ಯವೆಂಬುದನ್ನು ಒಂದು ಘಟನೆ ತಿಳಿಸುತ್ತದೆ. 1967ರಲ್ಲಿ ಅಲ್ಲಿಯ ಸರ್ಕಾರ, ರಾಜಧಾನಿ ರೋಡ್ ಟೌನಿನ ವಿಕಮ್ಸ್ ಕೇ ಪ್ರದೇಶವನ್ನೂ ಅನೆಗಾಡಾ ದ್ವೀಪದ ಬಹುಭಾಗವನ್ನೂ ಹೊರಗಿನ ಬಂಡವಾಳಗಾರರಿಗೆ 199 ವರ್ಷಗಳ ಗುತ್ತಿಗೆಗೆ ಒಪ್ಪಿಸಿತು. ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ತಮ್ಮ ನೆಲ ತಮಗೆ ಮರಳದೆಂದು ಅರಿತ ಜನ ಕೆರಳಿದರು. 1968ರಲ್ಲಿ ನೋಯಲ್ ಲಾಯ್ಡ್ ಅವರ ಮುಂದಾಳುತನದಲ್ಲಿ ಬೀದಿಗಿಳಿದರು. ಕಡೆಗೆ ಸರ್ಕಾರವೇ ಹಣ ತೆತ್ತು ಆ ಹಕ್ಕುಗಳನ್ನು ಮರಳಿ ಪಡೆಯಬೇಕಾಯಿತು. ರೋಡ್ ಟೌನಿನ ಉದ್ಯಾನವೊಂದಕ್ಕೆ ಲಾಯ್ಡ್ ಅವರ ಹೆಸರನ್ನೇ ಇಡಲಾಗಿದೆ.

ಹಾಗಾದರೆ ಹೊರಗಿನವನು ಮನೆ ಕೊಳ್ಳುವ ಬಗೆ ಹೇಗೆ? ಬೆಲೆ ಕುದುರಿದ ಮೇಲೆ ವಕೀಲರ ಮೂಲಕ ಕರಾರುಪತ್ರವಾಗುತ್ತದೆ. ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಮುಂಗಡ ಸಲ್ಲುತ್ತದೆ. ಪರವಾನೆ ದೊರೆತರೆ ಮಾತ್ರ ಕ್ರಯವೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸುವುದನ್ನು ಜಾಣ ವಕೀಲರು ಮರೆಯುವುದಿಲ್ಲ. ಬಳಿಕ ಆ ಆಸ್ತಿ ಮಾರಾಟಕ್ಕಿದೆಯೆಂದು ಸ್ಥಳೀಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಪ್ರಕಟಣೆ ಬರಬೇಕು. ಬಿಲಾಂಗರ್‌ಗಳಲ್ಲಿ ಕೊಳ್ಳುವವರಿದ್ದರೆ ಅವರಿಗೆ ಮೊದಲ ಅವಕಾಶ ದೊರೆಯಲೆಂಬುದೇ ಇದರ ಉದ್ದೇಶ.

ಅನಂತರ ಅರ್ಜಿಯೊಡನೆ ಪೊಲೀಸರ ದೃಢೀಕರಣ, ಬ್ಯಾಂಕಿನ ಪತ್ರ, ನಡತೆಯ ಬಗೆಗೆ ಬಲ್ಲವರ ಸಾಕ್ಷ್ಯ ಇವನ್ನೆಲ್ಲ ಒಪ್ಪಿಸಬೇಕು. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಬರಿಯ ನಿವೇಶನವಾದರೆ ಗೊತ್ತಾದ ಅವಧಿಯೊಳಗೆ ಕಟ್ಟಡ ಕಟ್ಟಬೇಕೆಂಬ ನಿಬಂಧನೆಯೂ ಇರುತ್ತದೆ. ಅಗ್ಗದಲ್ಲಿ ಕೊಂಡು, ಪಾಳುಬಿಟ್ಟು, ಬೆಲೆ ಏರಿದಾಗ ಮಾರುವ ಆಟಕ್ಕೆ ಇದೊಂದು ತಡೆ.

ಈ ನಡುವೆ ವಕೀಲರು ಭೂದಾಖಲೆ ಕಚೇರಿಯಲ್ಲಿ ಶೋಧನೆ ನಡೆಸುತ್ತಾರೆ. 1970ರ ನೋಂದಾಯಿತ ಭೂಮಿ ಕಾಯಿದೆಯಂತೆ ಪ್ರತಿಯೊಂದು ತುಂಡಿಗೂ ಸಂಖ್ಯೆಯುಂಟು. ಅದರ ಪುಟದಲ್ಲಿ ಮೂರು ಭಾಗಗಳು. ಮೊದಲನೆಯದು ನೆಲದ ವಿವರ, ಎರಡನೆಯದು ಒಡೆಯನ ಹೆಸರು, ಮೂರನೆಯದು ಅಡಮಾನ ಮುಂತಾದ ಋಣಭಾರ. ಪರವಾನೆ ಬಂದು, ಸ್ಟಾಂಪು ಶುಲ್ಕ ಸಲ್ಲಿಸಿ, ವರ್ಗಾವಣೆ ಪತ್ರ ನೋಂದಣಿಯಾದಾಗಲೇ ಒಡೆತನ ಕೈಸೇರುವುದು. ಸ್ಟಾಂಪು ಶುಲ್ಕದಲ್ಲಿಯೂ ಭೇದವಿದೆ: ನಡೆದುಬಂದ ದರದಂತೆ ಬಿಲಾಂಗರ್‌ಗೆ ನೂರಕ್ಕೆ 4, ಹೊರಗಿನವನಿಗೆ 12.

ಇಷ್ಟೆಲ್ಲ ಆದಮೇಲೂ ಮನೆಯೆದುರಿನ ಮರಳದಂಡೆ ಮಾತ್ರ ಕೊಂಡವನದಾಗುವುದಿಲ್ಲ. ಉಬ್ಬರದ ಗೆರೆಯಿಂದಾಚೆಗೆ ಅದು ಸರ್ವರಿಗೂ ಸೇರಿದ್ದು. ಊರ ಮಕ್ಕಳು ಅಲ್ಲಿಗೆ ಆಡಲು ಬಂದರೆ, ಬೇಡವೆನ್ನುವ ಹಕ್ಕು ಲಕ್ಷಾಂತರ ಡಾಲರು ಸುರಿದವನಿಗೂ ಇಲ್ಲ.