ನಿಮಗಿದು ಗೊತ್ತೆ? ಶಿಂಷೆಯ ಜಾಡಿನಲ್ಲಿ ಮಧ್ಯರಂಗ
ಸೇತುವೆ ದಾಟಿ ಎನೋಷಿಮಾ ದ್ವೀಪದ ಗುಡಿಗೆ ಹೋಗುವ ಜಪಾನಿನ ದಂಪತಿ ಅಲ್ಲಿ ಕೈಮುಗಿಯುವ ಬೆಂಜೈತೆನ್ ಮೂಲದಲ್ಲಿ ನಮ್ಮ ಸರಸ್ವತಿಯೇ. ಹಾಗೆಯೇ ತುಮಕೂರಿನ ದಂಪತಿ ರಜೆಗೆ ಹೊರಡಬೇಕಾದ ದ್ವೀಪಕ್ಷೇತ್ರ ಕಾವೇರಿಯ ಶಿವನಸಮುದ್ರ ಎನ್ನಲು ಬಲವಾದ ಕಾರಣವಿದೆ. ಆ ದಿಕ್ಕನ್ನು ನಮ್ಮ ಜಿಲ್ಲೆಯ ನದಿಯೇ ತೋರಿಸಿಕೊಟ್ಟಿದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮದ್ದೂರು ದಾಟಿ ಕಾವೇರಿಯನ್ನು ಸೇರುತ್ತದೆ. ಮಾರ್ಕೋನಹಳ್ಳಿಯಲ್ಲಿ ಇಳಿದು ನೋಡಲೇಬೇಕು; ಮಟ್ಟ ಮೀರಿದ ನೀರನ್ನು ಯಾರೂ ಗೇಟು ಎತ್ತದೆಯೇ ಹೊರಹಾಕುವ ಸೈಫನ್ ಅಲ್ಲಿದೆ. ಕುಣಿಗಲ್, ಹುಲಿಯೂರುದುರ್ಗದ ಮೇಲೆ ಬರುವ ರಸ್ತೆಗೆ ಮದ್ದೂರಿನಲ್ಲಿ ಅದೇ ನದಿ ಮತ್ತೆ ಸಿಗುತ್ತದೆ. ಅಲ್ಲಿಂದ ಮುಂದೆ ಮಳವಳ್ಳಿ, ಆಮೇಲೆ ಶಿವನಸಮುದ್ರ.

ಶಿಂಷೆ ದ್ವೀಪವನ್ನು ಮುಟ್ಟುವುದೇ ಇಲ್ಲವಲ್ಲ ಎನ್ನಬಹುದು. ನಿಜ, ಸಂಗಮವಿರುವುದು ಶಿವನಸಮುದ್ರದ ಜಲಪಾತದ ಕೆಳಗೆ. ಆದರೂ ಒಂದು ನದಿಯ ಬದುಕನ್ನು ಹುಟ್ಟಿನಿಂದ ಸಂಗಮದ ಸಮೀಪದವರೆಗೆ ಕಾಣಿಸುವ ಪಯಣ ಇದು. ಶ್ರೀರಂಗಪಟ್ಟಣ ಸಾಲದೆ ಎಂಬ ಮಾತೂ ಬರುತ್ತದೆ. ಅದು ಆದಿರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಕಾವೇರಿಯ ಈ ಮೂರು ದ್ವೀಪಗಳ ಸಾಲು ಮಧ್ಯರಂಗವಾದ ಶಿವನಸಮುದ್ರದ ಜಗನ್ಮೋಹನ ರಂಗನಾಥನಿಲ್ಲದೆ ಪೂರ್ಣವಾಗದು. ಸೋಮೇಶ್ವರನ ಗುಡಿಯೂ ಅಲ್ಲೇ ಇದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಇದೇ ಶಿವನಸಮುದ್ರದಿಂದ.