19 ಕಿಲೋಮೀಟರ್ ಆಚೆಯ ನೀಲಿ

ನೀರು ಬಣ್ಣ ಬದಲಿಸಿತು! ಮುರ್ಡೇಶ್ವರದ ದಡ ಬಿಟ್ಟಾಗ ದೋಣಿಯ ಕೆಳಗಿದ್ದದ್ದು ಮಣ್ಣು ಕದಡಿದ ಕಂದು ನೀರು. ಸ್ವಲ್ಪ ದೂರ ಹೋದ ಮೇಲೆ ಅದು ಬಾಳೆಸುಳಿಯಂಥ ಹಸಿರಾಯಿತು. ಈಗ, ರೆಪ್ಪೆ ಬಡಿಯುವಷ್ಟರಲ್ಲಿ, ನೀಲಿ. ಶಾಯಿ ಬಾಟಲಿ ಉರುಳಿಸಿದಂಥ ಗಾಢ ನೀಲಿ. ಹಿಂದೆ ತಿರುಗಿದರೆ ದಡದ 123 ಅಡಿಯ ಶಿವನ ಮೂರ್ತಿ ಕಿರುಬೆರಳಷ್ಟಾಗಿತ್ತು. ಮುಂದೆ ನೇತ್ರಾಣಿ, ಕಡಲಿನ ನಡುವೆ ಎದ್ದು ನಿಂತ ಕಪ್ಪು ಗುಡ್ಡ. ಅದರ ಮೇಲೆ ಬಿಳಿಹೊಟ್ಟೆಯ ಕಡಲಹದ್ದೊಂದು ರೆಕ್ಕೆ ಅಲುಗಿಸದೆ ಸುತ್ತುತ್ತಿತ್ತು.

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಚಿತ್ರ 2022ರಲ್ಲಿ ಬಂದಾಗ ಅದರ ಕಾಡಿನಷ್ಟೇ ಅದರಲ್ಲಿ ಕಂಡ ಈ ಕಡಲೂ ನನ್ನನ್ನು ಹಿಡಿದಿತ್ತು. ನಮ್ಮ ಕರಾವಳಿಯಲ್ಲಿ ಇಂಥ ನೀರಿದೆಯೆ? ನಾನು ಕಂಡ ಅರಬ್ಬಿ ಸಮುದ್ರದಲ್ಲಿ ಮೊಣಕಾಲುದ್ದ ಇಳಿದರೆ ಪಾದ ಕಾಣುತ್ತಿರಲಿಲ್ಲ.

ಗುಟ್ಟಿರುವುದು ದೂರದಲ್ಲಿ. ಘಟ್ಟ ಇಳಿದು ಬರುವ ಶರಾವತಿಯಂಥ ಹೊಳೆಗಳು ಹೊತ್ತು ತರುವ ಮಣ್ಣು, ಅಲೆ ಕೆದಕಿ ಎಬ್ಬಿಸುವ ಮರಳು, ಎರಡೂ ಹೆಚ್ಚಾಗಿ ದಡದ ಹತ್ತಿರವೇ ಸುತ್ತುತ್ತವೆ. ನೇತ್ರಾಣಿ ಇರುವುದು ಸುಮಾರು 19 ಕಿಲೋಮೀಟರ್ ಆಚೆ. ಅಷ್ಟು ದೂರ ಬರುವ ಹೊತ್ತಿಗೆ ನೀರು ತಿಳಿಯಾಗಿರುತ್ತದೆ. ಒಳ್ಳೆಯ ದಿನ ಸಿಕ್ಕರೆ ನೀರೊಳಗೆ 15ರಿಂದ 20 ಮೀಟರ್‌ವರೆಗೆ ಕಾಣುತ್ತದೆ. ಬಂದವರನ್ನು ಕಡಲೊಳಗೆ ಮುಳುಗಿಸಿ ತೋರಿಸುವ ಡೈವಿಂಗ್ ಹುಡುಗರ ಬಾಯಲ್ಲಿ ಅದು ‘ವಿಸಿಬಿಲಿಟಿ’. ಬೆಳಿಗ್ಗೆ ಎದ್ದ ಕೂಡಲೇ ಅವರು ವಿಚಾರಿಸುವುದು ಅದನ್ನೇ.

ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಯಾರೂ ಮುಳುಗುವುದಿಲ್ಲ. ಅಕ್ಟೋಬರ್‌ನಿಂದ ಮೇ ತನಕ ಹಂಗಾಮು. ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಂದರೆ ಹೊಸಬರ ಪುಣ್ಯ. ದೋಣಿ ಬೆಳಿಗ್ಗೆಯೇ ಹೊರಡಬೇಕು. ಬಿಸಿಲೇರಿ ನೆಲ ಕಾದಂತೆ ಕಡಲಗಾಳಿ ಬೀಸತೊಡಗುತ್ತದೆ, ನೀರು ಕುಣಿಯುತ್ತದೆ, ಹೊಟ್ಟೆಯೂ ಕುಣಿಯುತ್ತದೆ. ಬೆಳಗಿನ ಕಡಲು ಮಾತ್ರ ಎಣ್ಣೆ ಹಾಕಿ ಒರೆಸಿದ ಕಡಪ ಕಲ್ಲಿನಂತೆ ಮಲಗಿರುತ್ತದೆ. ನೀರೂ ತಣ್ಣಗಲ್ಲ, 28 ಡಿಗ್ರಿ ಆಸುಪಾಸು.

ನನಗೆ ಈಜು ಬರುವುದಿಲ್ಲ. ಮೊದಲ ಸಲ ಮುಳುಗುವವರಿಗೆ ಅದು ಬರಲೇಬೇಕೆಂದಿಲ್ಲ ಎಂದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಜೊತೆಗೆ ಒಬ್ಬ ತರಬೇತುದಾರ ಕೊನೆಯವರೆಗೂ ಇರುತ್ತಾರೆ, 12 ಮೀಟರ್ ದಾಟಿಸುವುದಿಲ್ಲ. ಅಸ್ತಮಾ, ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಮೊದಲೇ ಹೇಳಿಬಿಡಬೇಕು. ಅಲ್ಲಿ ಸಂಕೋಚ ಸಲ್ಲದು.

ದ್ವೀಪದ ಮರೆಗೆ ಬಂದು ದೋಣಿ ನಿಂತಿತು. ಬೆನ್ನಿಗೆ ಸಿಲಿಂಡರ್ ಏರಿತು. ಅದರಲ್ಲಿ ಆಮ್ಲಜನಕ ತುಂಬಿರುತ್ತಾರೆಂದೇ ಅಂದುಕೊಂಡಿದ್ದೆ. ಅಲ್ಲ! ನಾವು ದಿನವೂ ಉಸಿರಾಡುವ ಇದೇ ಗಾಳಿ, 2,000 ಲೀಟರಿಗೂ ಹೆಚ್ಚು, ಒಂದು ಕೊಳವೆಯೊಳಗೆ ಒತ್ತಿ ಕೂರಿಸಿದ್ದು. ಅದನ್ನು ಬೇಕಾದಷ್ಟೇ, ಬೇಕಾದಾಗಲೇ ಬಾಯಿಗೆ ಕೊಡುವ ರೆಗ್ಯುಲೇಟರನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದರು. ಅದಿಲ್ಲದಿದ್ದರೆ ನನ್ನಂಥವರಿಗೆ ಈ ಲೋಕದ ಬಾಗಿಲೇ ಇರುತ್ತಿರಲಿಲ್ಲ.

“ಎಂತ ಹೆದರಿಕೆ? ನಾನು ಇದ್ದೇನಲ್ಲ,” ಎಂದರು ತರಬೇತುದಾರ. “ಒಂದೇ ಮಾತು. ಉಸಿರು ಹಿಡೀಬೇಡಿ. ಬಿಡ್ತಾ ಇರಿ, ತಗೊಳ್ತಾ ಇರಿ. ಹೆಬ್ಬೆರಳು ಮೇಲೆ ಮಾಡಿದ್ರೆ ಚೆನ್ನಾಗಿದೆ ಅಂತ ಅಲ್ಲ ಮತ್ತೆ, ಮೇಲೆ ಹೋಗುವ ಅಂತ.”

ಹಗ್ಗ ಹಿಡಿದು ಮುಖ ಮುಳುಗಿಸಿದೆ. ಮೂಗು ಕಟ್ಟಿದೆ, ಕಿವಿ ಮುಚ್ಚಿದೆ, ಎದೆ ಡಬಡಬ. ಬಾಯಿಂದ ಎಳೆದ ಮೊದಲ ಉಸಿರು ಒಣಗಾಳಿಯಾಗಿ ಗಂಟಲು ತಾಗಿತು. ನೀರೊಳಗೆ! ಉಸಿರಾಡುತ್ತಿದ್ದೇನೆ, ನೀರೊಳಗೆ!

ಇಳಿದಂತೆ ಕಿವಿ ಚುಚ್ಚಿತು. ಮೂಗು ಹಿಡಿದು ಮೆಲ್ಲಗೆ ಊದಿದೆ, ‘ಟಿಕ್’ ಎಂದು ಬಿಟ್ಟಿತು. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದಂತೆ, ಅದನ್ನು ಕಿವಿ ಮೊದಲು ಹೇಳುತ್ತದೆ. ಎಂಟು ಮೀಟರ್ ಇರಬೇಕು, ಮಣಿಕಟ್ಟು ನೋಡಿಕೊಂಡೆ. ಅಮ್ಮ ಕಟ್ಟಿದ ದೇವರ ಕೆಂಪು ದಾರ ಮಾಸಿ ಮಂಕು ಕಂದಾಗಿತ್ತು. ಬಣ್ಣ ಹೋಗಿರಲಿಲ್ಲ, ಬೆಳಕು ಹೋಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನು, ನೀಲಿಯನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ತರಬೇತುದಾರ ಟಾರ್ಚ್ ಹಾಕಿದರು. ದಾರ ಕುಂಕುಮದಂತೆ ಭಗ್ಗೆಂದು ಉರಿಯಿತು. ಆರಿಸಿದರು, ಮತ್ತೆ ಕಂದು. ಇನ್ನೊಮ್ಮೆ, ಮತ್ತೊಮ್ಮೆ ಹಾಕಿ ಎಂದು ಸನ್ನೆ ಮಾಡಿದೆ.

ಆಮೇಲೆ ಸದ್ದು. ಕಟಕಟ, ಕಟಕಟ. ಯಾರೋ ಕಿವಿಯ ಪಕ್ಕದಲ್ಲೇ ಗಟ್ಟಿ ಚಕ್ಕುಲಿ ಕಡಿಯುತ್ತಿದ್ದಾರೆ. ಎಲ್ಲಿಂದ? ಗೊತ್ತಾಗದು. ನೀರಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ ದಿಕ್ಕು ತಪ್ಪುತ್ತದೆ. ಬಂಡೆಯ ಆಚೆ ಕಂಡವು: ಗಿಳಿಮೀನುಗಳು. ಪಾಚಿ ಹರಡಿದ ಹವಳದ ಮೇಲೆ ಕೊಕ್ಕಿನಂಥ ಹಲ್ಲೂರಿ ಕೆರೆಯುತ್ತಿವೆ. ಕೆರೆದ ಹವಳ ಗಂಟಲೊಳಗಿನ ಹಲ್ಲುಗಳಲ್ಲಿ ಪುಡಿಯಾಗಿ ಬಿಳಿ ಮರಳಾಗಿ ಹೊರಬೀಳುತ್ತದೆ. ಒಂದು ನನ್ನೆದುರೇ ಹಾಗೆ ಬೆಳ್ಳಗಿನ ಹೊಗೆ ಬಿಟ್ಟು ಹೋಯಿತು. ಮರಳು ಹುಟ್ಟುವುದನ್ನು ನಾನು ಕಣ್ಣಾರೆ ಕಂಡೆ!

ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಬಂದವು. ಬಂಡೆಯ ಸಂದಿಯಿಂದ ಹಾವುಮೀನೊಂದು ಬಾಯಿ ತೆರೆದು ಮುಚ್ಚಿ ಉಸಿರಾಡುತ್ತಿತ್ತು. ಒಂದು ಕಾಲಕ್ಕೆ ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿ ಮಾಡಿಕೊಂಡಿದ್ದ ದ್ವೀಪ ಇದು ಎಂಬುದು ನೆನಪಾಗಿ ಕರುಳು ಚುರ್ರೆಂದಿತು. ಏನನ್ನೂ ಮುಟ್ಟಬೇಡಿ ಎಂದು ಹೇಳಿಕೊಟ್ಟಿದ್ದರು. ಹೇಳದಿದ್ದರೂ ಮುಟ್ಟಲು ಕೈ ಬರುತ್ತಿರಲಿಲ್ಲ.

ಸಿಲಿಂಡರಿನ ಗಾಳಿ ತೋರಿಸುವ ಮೀಟರಿನ ಮುಳ್ಳು ಇಳಿದಿತ್ತು. ಹೆಬ್ಬೆರಳು ಮೇಲಾಯಿತು. ತಲೆಯೆತ್ತಿದೆ. ನಾನು ಬಿಟ್ಟ ಉಸಿರು ನಿಂಬೆಯಷ್ಟು ಗುಳ್ಳೆಯಾಗಿ ಹೊರಟು, ಏರಿದಂತೆ ಒತ್ತಡ ತಗ್ಗಿ ಹಿಗ್ಗುತ್ತಾ ಮೂಸಂಬಿಯಾಗಿ, ಚಪ್ಪಟೆಯಾಗಿ, ಬೆಳ್ಳಿತಟ್ಟೆಯಾಗಿ ಹೊಳೆಯುತ್ತಿತ್ತು. ಉಸಿರು ಹಿಡೀಬೇಡಿ ಎಂದದ್ದು ಇದಕ್ಕೇ: ಎದೆಯೊಳಗಿನ ಗಾಳಿಯೂ ಹೀಗೇ ಹಿಗ್ಗುತ್ತದೆ. ಬಿಡುತ್ತಾ, ಬಿಡುತ್ತಾ, ಆ ತಟ್ಟೆಗಳ ಹಿಂದೆಯೇ ನಿಧಾನವಾಗಿ ಏರಿದೆ. ದೋಣಿಯ ತಳ ಕಂಡಿತು, ಹಗ್ಗ ಕಂಡಿತು, ತಂಗೂಸಿಯಂತೆ ತೆಳ್ಳಗೆ ನಡುಗುವ ಬಿಸಿಲ ಗೆರೆಗಳು ಕಂಡವು. ನನ್ನ ಗುಳ್ಳೆಗಳು ನನಗಿಂತ ಮೊದಲು ಮೇಲೆ ಮುಟ್ಟಿ ಒಡೆದವು.